ಉಂಗುರವಿಲ್ಲದ ಗೇರ್ ಬಾಕ್ಸ್

ಗೇರು ತಾನಾಗಿಯೇ ಜಾರಿ ಲಾರಿ ಘಾಟಿಯಿಂದ ಉರುಳಿತು, ಚಾಲಕ ಹೊನ್ನೂರಪ್ಪ ಸತ್ತ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಲಾರಿಯ ಮಾಲಕರು ಹೇಳಿಕೆ ಕೊಟ್ಟರು.

ಆ ಲಾರಿಯ ಗೇರ್ ಬಾಕ್ಸ್ ನಾನು.

ಈಗ ನಾನಿರುವುದು ಹೊಸಪೇಟೆ ಬೈಪಾಸಿನ ಪಕ್ಕ, ಜಿಲಾನ್ ಮಿಸ್ತ್ರಿಯ ತಗಡಿನ ಶೆಡ್ಡಿನಲ್ಲಿ. ಎಣ್ಣೆ ಕುಡಿದು ಕಪ್ಪಾದ ಹಲಗೆಯ ಮೇಲೆ, ಮುಚ್ಚಳ ತೆಗೆಸಿಕೊಂಡು, ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೇನೆ. ಹೇಳಿಕೆ ಕೊಡುವ ಬಾಯಿ ನನಗಿಲ್ಲ. ಆದರೂ ಹುಟ್ಟಿನಿಂದ ಹೇಳುತ್ತೇನೆ, ಕೇಳಿ.

ಸಮುದ್ರದ ಹತ್ತಿರದ ಯಾವುದೋ ಊರಿನ ಎರಕದ ಮನೆಯಲ್ಲಿ ನಾನು ಹುಟ್ಟಿದೆ. ಕರಗಿದ ಬೀಡುಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದರು. ಅದು ನನ್ನ ಮೈಯಾಯಿತು. ಉಕ್ಕಿನ ಗಾಲಿಗಳಿಗೆ ಹೆಬ್ಬೆರಳಿನಷ್ಟು ದಪ್ಪ ಹಲ್ಲು ಕೊರೆದು ಒಳಗೆ ಕೂರಿಸಿದರು. ಮುಚ್ಚಳ ಬಿಗಿಯುವ ಹೊತ್ತಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ತನ್ನ ಮೇಲಿನವರನ್ನು ಕೇಳಿದ: "ಸಾರ್, ಕಾರಿನ ಗೇರ್ ಬಾಕ್ಸಿಗೆ ಹಿತ್ತಾಳೆ ಉಂಗುರ ಹಾಕ್ತಾರಲ್ಲ, ಇದಕ್ಕೆ ಯಾಕಿಲ್ಲ?"

ಮೇಲಿನವರು ಒಳ್ಳೆಯ ಮನುಷ್ಯರು, ಬಿಡಿಸಿ ಹೇಳಿದರು. ತಿರುಗುವ ಎರಡು ಗಾಲಿಗಳನ್ನು ಕೂಡಿಸಬೇಕಾದರೆ ಎರಡರ ವೇಗವೂ ಸಮ ಬರಬೇಕು. ಕಾರಿನಲ್ಲಿ ಹಿತ್ತಾಳೆ ಉಂಗುರ ಒಂದನ್ನು ಇನ್ನೊಂದಕ್ಕೆ ತಿಕ್ಕಿ ಸಮ ಮಾಡುತ್ತದೆ. ಲಾರಿಯ ಗೇರು ಗಾಲಿಗಳು ಭಾರ. ಅವನ್ನು ಹಿಡಿದು ನಿಲ್ಲಿಸಲು ಹೋದ ಉಂಗುರ ಬಲುಬೇಗ ಸವೆಯುತ್ತದೆ. ಮೇಲಾಗಿ ದೊಡ್ಡ ಡೀಸೆಲ್ ಎಂಜಿನ್ ಎಮ್ಮೆಯ ಹಾಗೆ: ತನ್ನ ಹದದ ನಡಿಗೆಯಲ್ಲಿ ಮಾತ್ರ ಎಳೆಯುತ್ತದೆ, ಅದಕ್ಕಿಂತ ನಿಧಾನವೂ ಆಗದು, ಜೋರೂ ಆಗದು. ಅದಕ್ಕೇ ಲಾರಿಗೆ ಹೆಚ್ಚು ಗೇರು ಬೇಕು, ಮೊದಲ ಗೇರು ಮನುಷ್ಯನ ನಡಿಗೆಗಿಂತಲೂ ನಿಧಾನ ಇರಬೇಕು. ಇಷ್ಟು ಗೇರಿಗೂ ಉಂಗುರ ಕೂರಿಸಿದರೆ ಬೆಲೆ ಏರುತ್ತದೆ. ನಡುದಾರಿಯಲ್ಲಿ ಕೆಟ್ಟರೆ ಸುತ್ತಿಗೆ, ಸ್ಪ್ಯಾನರಿನಲ್ಲಿ ರಿಪೇರಿ ಆಗುವುದಿಲ್ಲ.

"ದಪ್ಪ ಹಲ್ಲು, ಕಮ್ಮಿ ಸಾಮಾನು. ಮೂವತ್ತು ವರ್ಷ ಕೆಡಲ್ಲ," ಎಂದರು. ಆಮೇಲೆ ನಕ್ಕು, "ಉಂಗುರದ ಕೆಲಸಾನ ಡ್ರೈವರ್ ಕಾಲು ಮಾಡ್ಕೊಳ್ಳುತ್ತೆ ಬಿಡು."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಕೊನೆಯ ಮಾತೂ ಸುಳ್ಳಲ್ಲ. ಆ ಕಾಲನ್ನು ಮಾತ್ರ ಯಾರೂ ಕೇಳಲಿಲ್ಲ.

ನನ್ನನ್ನು ಹೊತ್ತ ಲಾರಿ ಮೊದಲು ಬಂದದ್ದು ಗಂಗಾವತಿಯ ಒಂದು ಅಕ್ಕಿ ಗಿರಣಿಗೆ. ಅಲ್ಲಿ ಬಾವಾಸಾಬ ಎಂಬ ಹಳೆಯ ಡ್ರೈವರು ನನ್ನನ್ನು ಪಳಗಿಸಿದ, ಹೊನ್ನೂರಪ್ಪನನ್ನೂ ಪಳಗಿಸಿದ. ಹೊನ್ನೂರಪ್ಪ ಆಗ ಮದುವೆಯಾದ ಹೊಸತು, ಗಿರಣಿಯಲ್ಲಿ ಮೂಟೆ ಹೊರುವುದು ಬಿಟ್ಟು ಸ್ಟೀರಿಂಗ್ ಹಿಡಿದಿದ್ದ. ನನ್ನ ಹಲ್ಲು ಕರಕರ ಅಂದಾಗಲೆಲ್ಲ ಬಾವಾಸಾಬ ಹೆಗಲ ಟವೆಲಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದ.

"ಏ ಕಿವುಡಾ! ಗೇರು ಕೈಯಾಗಿಲ್ಲಲೇ, ಕಿವಿಯಾಗೈತಿ. ಎಂಜಿನ್ ದನಿ ಕೇಳು, ಆಮ್ಯಾಲೆ ಹಾಕು."

ಓಡುವ ಬಸ್ಸು ಹತ್ತುವವನು ಬಸ್ಸಿನ ಜೊತೆಗೆ ಒಂದಿಷ್ಟು ಓಡಿ, ವೇಗ ಸಮ ಬಂದಾಗ ಕಂಬಿ ಹಿಡಿದು ಕಾಲಿಡುತ್ತಾನಲ್ಲ, ನನ್ನ ಗೇರು ಬದಲಿಸುವುದೂ ಹಾಗೆಯೇ. ಕ್ಲಚ್ ತುಳಿದು ಗೇರು ಬಿಡಿಸಬೇಕು. ಕ್ಲಚ್ ಬಿಟ್ಟು ಎಂಜಿನ್ನನ್ನು ಹದಕ್ಕೆ ತರಬೇಕು. ಮತ್ತೆ ಕ್ಲಚ್ ತುಳಿದು ಮುಂದಿನ ಗೇರಿಗೆ ಹಾಕಬೇಕು. ಒಂದು ಗೇರಿಗೆ ಎರಡು ತುಳಿತ. ಹೊನ್ನೂರಪ್ಪ ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ ನನ್ನ ಹಲ್ಲುಗಳು ಬೆಣ್ಣೆಗೆ ಬೆರಳಿಟ್ಟ ಹಾಗೆ ಕೂಡುತ್ತಿದ್ದವು. ಎಂದಾದರೂ ತಪ್ಪಿ ಕರಕರ ಅಂದರೆ, "ಯಾಕೋ ಮುದುಕಾ, ಹಲ್ಲು ಕಡೀತಿ? ನಿಂಗೂ ಹೊಟ್ಟಿ ಹಸಿದೈತೇನು?" ಎಂದು ಲಿವರಿನ ತಲೆ ಸವರುತ್ತಿದ್ದ.

ಬಾವಾಸಾಬ ಇನ್ನೊಂದು ಪಾಠ ಹೇಳಿಕೊಟ್ಟಿದ್ದ. "ಘಾಟ ಯಾವ ಗೇರಿನಾಗ ಹತ್ತತೀಯೋ ಅದೇ ಗೇರಿನಾಗ ಇಳೀಬೇಕು. ಬ್ರೇಕು ಗಾಡಿ ನಿಲ್ಸಾಕ. ಗಾಡಿ ಹಿಡಿಯಾಕ ಗೇರು." ಘಾಟಿಯ ನೆತ್ತಿಯಲ್ಲಿ ಲಾರಿ ನಿಲ್ಲಿಸಿ, ಕೆಳಗಿನ ಗೇರು ಹಾಕಿ, ಲಿವರಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಸೀಟಿನ ಕಂಬಿಗೆ ಕಟ್ಟುವುದು ಅವರ ರೂಢಿ. ನಾನು ಜಾರುತ್ತಿದ್ದೆ ಎಂದಲ್ಲ. ಇನ್ನು ಕೆಳಗೆ ಮುಟ್ಟುವವರೆಗೆ ಗೇರು ಮುಟ್ಟುವುದಿಲ್ಲ ಎಂದು ತನ್ನ ಕೈಗೆ ತಾನೇ ಹಾಕಿಕೊಳ್ಳುವ ಕಟ್ಟು ಅದು. ಕೆಳಗೆ ಮುಟ್ಟಿದ ಮೇಲೆ ಟ್ಯೂಬು ಬಿಚ್ಚಿ ಮಡಚಿ ಸೀಟಿನಡಿಗೆ ಇಡುತ್ತಿದ್ದರು.

ಗಿರಣಿ ಮುಚ್ಚಿತು. ಹೊಸಪೇಟೆಯ ಪಂಪಾಪತಿ ಧಣಿ ಲಾರಿಯನ್ನು ಕೊಂಡರು. "ಗಾಡಿ ಜತಿ ಡ್ರೈವರೂ ಬರ್ತಾನಲ್ಲ?" ಎಂದು ಕೇಳಿದರು. ಬಂದ. ನನ್ನ ಜೊತೆ ಅವನೂ ಕೈ ಬದಲಾದ.

ಅದು ಅದಿರಿನ ಕಾಲ. ಗುಡ್ಡಗಳನ್ನು ಅಗೆದು ಕೆಂಪು ಮಣ್ಣನ್ನು ಲಾರಿಗಳಿಗೆ ಸುರಿದರು. ನನ್ನನ್ನು ಮಾಡಿದವರು ಯಾವ ಭಾರಕ್ಕೆ ಮಾಡಿದ್ದರೋ ಅದರ ಎರಡರಷ್ಟು ಹೊತ್ತೆ. ಅನ್ನದ ತಟ್ಟೆಯಲ್ಲಿ ಕೆಂಪು ಧೂಳು, ಒಣ ಹಾಕಿದ ಬಟ್ಟೆಯಲ್ಲಿ ಕೆಂಪು ಧೂಳು, ಕೆಮ್ಮಿದರೆ ಕೆಂಪು. ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಬಂದರಿಗೆ ಸುರಿದು ಬರಬೇಕು. ಮುಂದೆ ಲಾರಿ, ಹಿಂದೆ ಲಾರಿ, ಆಚೆ ಹಡಗು. ಕ್ಲೀನರನ ಬಾಯಿಗೆ ಹೋಗುವ ಅನ್ನವೂ ದಂಡವೆಂದು ಧಣಿ ಕ್ಲೀನರುಗಳನ್ನು ಬಿಡಿಸಿದರು. ಡ್ರೈವರು ಒಬ್ಬನೇ.

ಲಾರಿ ಮರಳಿ ಬಂದ ಕೂಡಲೇ ಧಣಿಯ ಮನುಷ್ಯ ಡೀಸೆಲ್ ಟ್ಯಾಂಕಿಗೆ ಕೋಲು ಇಳಿಸಿ ನೋಡುತ್ತಿದ್ದ. ಕೋಲು ಒದ್ದೆಯಾದದ್ದು ಕಡಿಮೆ ಇದ್ದರೆ ಮುಂದಿನ ಟ್ರಿಪ್ ಬೇರೆಯವನಿಗೆ. ಆಮೇಲೆ ಧಣಿಯ ಬಾಯಿಂದಲೇ ಅಪ್ಪಣೆ ಬಂತು: ಘಾಟಿಯಲ್ಲಿ ಗೇರು ಬಿಡಿಸಿ, ನ್ಯೂಟ್ರಲಿನಲ್ಲಿ ಇಳಿಸಬೇಕು. ಡೀಸೆಲ್ಲೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ.

ಬೇರೆಯವರು ಇಳಿಸಿದರು. ಹೊನ್ನೂರಪ್ಪ ಟ್ಯೂಬು ಕಟ್ಟಿಕೊಂಡೇ ಇಳಿದ.

"ಏನಪಾ ಹೊನ್ನೂರಪ್ಪ," ಧಣಿ ನಾಲ್ಕು ಜನರ ಮುಂದೆ ನಗಾಡುತ್ತಿದ್ದರು, "ನೀ ಘಾಟ ಇಳಿಯೋದ್ರೊಳಗ ಹಡಗ ಚೀನಾಕ್ಕ ಹೋಗಿ ತಿರುಗಿ ಬಂತಲ್ಲೋ! ಗಾಡಿ ಹೊಡೀತೀಯೋ, ಮದುವಿ ಮೆರವಣಿಗಿ ಮಾಡ್ತೀಯೋ?"

"ಗಾಡಿ ನಿಂದೈತಿ ಧಣಿ, ಜೀವ ನಂದೈತಿ."

"ಜೀವ ಮನ್ಯಾಗ ಇಟ್ಟು ಬಾ ಹಂಗಾರ."

ಎಲ್ಲರೂ ನಕ್ಕರು. ಹೊನ್ನೂರಪ್ಪನೂ ನಕ್ಕ. ಅಷ್ಟರಲ್ಲಿ ಅವನ ಎಡ ಮೊಣಕಾಲು ಬಾತು ಹೋಗಿತ್ತು. ವರ್ಷಗಟ್ಟಲೆ ಪ್ರತಿ ಗೇರಿಗೆ ಎರಡು ಸಲ ತುಳಿದ ಕಾಲು. ಹಿತ್ತಾಳೆ ಉಂಗುರ ಸವೆದಿದ್ದರೆ ಬದಲಿಸುತ್ತಿದ್ದರು. ಹೊನ್ನೂರಪ್ಪ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದ. ಕುಂಟುವುದು ಧಣಿಯ ಕಣ್ಣಿಗೆ ಬಿತ್ತು. "ಇದೊಂದು ಟ್ರಿಪ್ ನೋಡ್ತೀನಿ. ಎಲ್ಲರ ಜತಿಗೆ ಕೆಳಗ ಮುಟ್ಟಿದಿ, ಸರಿ. ಇಲ್ಲಾ, ಕೀಲಿ ಇಲ್ಲಿಟ್ಟು ಮನಿ ದಾರಿ ಹಿಡಿ."

ಆವತ್ತು ಮಧ್ಯಾಹ್ನ ಘಾಟಿಯ ನೆತ್ತಿಯಲ್ಲಿ ಅವನು ಲಾರಿ ನಿಲ್ಲಿಸಿದ. ಟ್ಯೂಬು ಕೈಗೆ ತೆಗೆದುಕೊಂಡ. ಬಹಳ ಹೊತ್ತು ಹಿಡಿದುಕೊಂಡಿದ್ದ. ಹಿಂದಿನ ಲಾರಿಗಳು ಹಾರನ್ ಹೊಡೆದವು. ಅವನು ಟ್ಯೂಬನ್ನು ಮಡಚಿ ಸೀಟಿನಡಿಗೆ ಇಟ್ಟ. ಗೇರು ಬಿಡಿಸಿದ.

ಮೊದಲ ತಿರುವು ಸುಮ್ಮನೆ ಹೋಯಿತು. ಎರಡನೆಯದಕ್ಕೆ ಬ್ರೇಕಿನ ಸುಟ್ಟ ವಾಸನೆ ಬಂತು. ಮುಂದಿನದಕ್ಕೆ ಬ್ರೇಕಿನಲ್ಲಿ ಏನೂ ಉಳಿದಿರಲಿಲ್ಲ. ಆಗ ಅವನು ನನ್ನ ಕಡೆಗೆ ಬಂದ. ಬಾತ ಕಾಲಿನಿಂದ ಕ್ಲಚ್ ತುಳಿದ, ಬಿಟ್ಟ, ಎಂಜಿನ್ನನ್ನು ಅದರ ಗಂಟಲು ಹರಿಯುವಷ್ಟು ಕೂಗಿಸಿದ, ಮತ್ತೆ ತುಳಿದು ಲಿವರು ನೂಕಿದ. ನನ್ನ ಹಲ್ಲು ಹಲ್ಲಿಗೆ ಬಡಿದು ತಿರುಗಿ ಬಂತು. ಮತ್ತೆ ನೂಕಿದ. ಮತ್ತೆ. ಲಾರಿಯ ಚಕ್ರಗಳು ಓಡುತ್ತಿದ್ದ ವೇಗಕ್ಕೆ ಎಂಜಿನ್ ಏರಲಾರದು; ಏರದಿದ್ದರೆ ನನ್ನ ಹಲ್ಲು ಕೂಡದು. ಜೊತೆಗೆ ಓಡಿ ಹತ್ತಬೇಕಾದ ಬಸ್ಸು ಹೋಗಿಬಿಟ್ಟಿತ್ತು. ಅವನು ಹಿಂದೆ ಓಡುತ್ತಿದ್ದ.

"ಕೂಡೋ ಮುದುಕಾ, ಕೂಡೋ," ಎಂದ. ಅವನ ಕೊನೆಯ ಮಾತು ಅದು. ಕೇಳಿದ್ದು ನಾನೊಬ್ಬನೇ.

ಕಣಿವೆಯಿಂದ ಮೇಲೆತ್ತಿದಾಗ ಲಾರಿ ಮುದ್ದೆಯಾಗಿತ್ತು. ನಾನು ಒಡೆದಿರಲಿಲ್ಲ. ಮೂವತ್ತು ವರ್ಷ ಕೆಡದಂತೆ ಮಾಡಿದ್ದರಲ್ಲ.

ನನ್ನನ್ನು ಜಿಲಾನ್ ಮಿಸ್ತ್ರಿಯ ಶೆಡ್ಡಿಗೆ ತಂದರು. ಮಿಸ್ತ್ರಿ ಮುಚ್ಚಳ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಗಳ ಮೇಲೆ ಬೆರಳಾಡಿಸಿದ. ಒಂದು ಗಾಲಿಯ ಹಲ್ಲುಗಳ ಅಂಚು ಹೊಸದಾಗಿ ಜಜ್ಜಿ ಹೋಗಿತ್ತು. ಅಲ್ಲಿಗೆ ಬಂದು ಅವನ ಬೆರಳು ನಿಂತಿತು.

ಹೊನ್ನೂರಪ್ಪನ ಹೆಂಡತಿ ಹುಲಿಗೆಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳ ತಮ್ಮ ಈರಣ್ಣನೂ ಇದೇ ಧಣಿಯ ಲಾರಿ ಹೊಡೆಯುವವನು.

"ಮಿಸ್ತ್ರಿ, ಅದು ತಾನ ಜಾರಿತಾ? ಅವ್ನು ಬಿಡಿಸಿದ್ನಾ?"

"ಬಿಡಿಸಿದ ಅಕ್ಕಾ. ಬಿಡಿಸು ಅಂದ್ರು, ಬಿಡಿಸಿದ. ಆಮ್ಯಾಲೆ ಹಾಕಾಕ ನೋಡ್ಯಾನ. ಇಲ್ಲಿ ನೋಡು, ಎಷ್ಟು ನೋಡ್ಯಾನ."

ಅವಳು ಹತ್ತಿರ ಬಂದು ಆ ಜಜ್ಜಿದ ಅಂಚನ್ನು ಮುಟ್ಟಿದಳು. ನನ್ನನ್ನು ಯಾವ ಹೆಂಗಸೂ ಮುಟ್ಟಿರಲಿಲ್ಲ. ಬೆರಳಿಗೆ ಎಣ್ಣೆ ಹತ್ತಿತು, ಒರೆಸಿಕೊಳ್ಳಲಿಲ್ಲ. "ತಾನ ಜಾರಿತು ಅಂತ ಬರಕೊಂಡ್ರ, ನ್ಯೂಟ್ರಲ್ಲಿನ ಮಾತ ಮುಚ್ಚಿ ಹೋಗ್ತೈತಿ. ನಾಡಿದ್ದು ನನ್ನ ತಮ್ಮನೂ ಹಂಗ ಇಳೀಬೇಕಾಕ್ಕತಿ. ಇನ್ಸ್‌ಪೆಕ್ಟರ್ ಬಂದಾಗ ಖರೇ ಹೇಳ್ತೀಯೇನಣ್ಣಾ?"

ಮಿಸ್ತ್ರಿ ಬಿಚ್ಚಿಟ್ಟ ಮುಚ್ಚಳವನ್ನು ಒರೆಸತೊಡಗಿದ. ಅವನ ಶೆಡ್ಡು ನಿಂತದ್ದು ಧಣಿಯ ಜಾಗದಲ್ಲಿ. ಅವನ ಒಲೆ ಉರಿಯುವುದು ಧಣಿಯ ಲಾರಿಗಳ ರಿಪೇರಿಯಿಂದ. ಅವಳು ಇನ್ನೊಂದು ಸಲ ಕೇಳದೆ ಹೋದಳು.

ಸಂಜೆ ಧಣಿ ಬಂದರು. ಸ್ಟೂಲು ಒರೆಸಿಕೊಂಡು ಕೂತು, ಮೆತ್ತಗೆ ಮಾತಾಡಿದರು.

ನನ್ನೊಳಗೆ ಗೇರು ಸರಿಸುವ ಸಲಾಕೆ ಇದೆ. ಅದರ ಮೇಲೊಂದು ಕಚ್ಚು. ಸ್ಪ್ರಿಂಗಿನ ಒತ್ತಡಕ್ಕೆ ಉಕ್ಕಿನ ಗುಂಡೊಂದು ಆ ಕಚ್ಚಿನಲ್ಲಿ ಕೂತು, ಹಾಕಿದ ಗೇರು ತಾನಾಗಿ ಜಾರದಂತೆ ಹಿಡಿಯುತ್ತದೆ. ನನ್ನ ಕಚ್ಚು ಇನ್ನೂ ಹರಿತವಾಗಿತ್ತು. ಇನ್ಸ್‌ಪೆಕ್ಟರ್ ಕಣ್ಣಿಗೆ ಅದು ಸವೆದು ಹೋದಂತೆ ಕಾಣಬೇಕು ಎಂಬುದು ಧಣಿಯ ಬೇಡಿಕೆ.

"ಅರ ತಗೊಂಡು ಅದರ ಮ್ಯಾಲೆ ನಾಕು ಸಲ ಎಳಿ ಜಿಲಾನಾ. ನಾಳೆ ಇನ್ಸ್‌ಪೆಕ್ಟರ್ ಬಂದು ನೋಡಿ ಹೋಗ್ತಾನ. ಸತ್ತವ ಏನು ತಿರುಗಿ ಬರ್ತಾನೇನು? ಅವನ ಮ್ಯಾಲೂ ಬರಂಗಿಲ್ಲ, ನಮ್ಮ ಮ್ಯಾಲೂ ಬರಂಗಿಲ್ಲ. ಹಳೇ ಮಿಷಿನ್ನು, ಕೆಟ್ಟೋತು. ಅಷ್ಟ."

"ಇದು ಕೆಟ್ಟಿಲ್ರಿ."

"ಕೆಟ್ಟಿಲ್ಲಂದ್ರ ಟ್ಯೂಬ್ ಯಾಕ ಕಟ್ತಿದ್ದ? ಜಾರತಿತ್ತು, ಕಟ್ತಿದ್ದ. ಊರಿಗೆಲ್ಲ ಗೊತ್ತೈತಿ."

"ಅವತ್ತು ಕಟ್ಟಿರಲಿಲ್ಲ ಧಣಿ. ಮಡಚಿ ಸೀಟಿನ ತಳಗಿತ್ತು. ನಾನ ತಗದೀನಿ."

ಧಣಿ ತಲೆಯೆತ್ತಿ ತಗಡಿನ ಮಾಡನ್ನು ನೋಡಿದರು. "ಈ ಶೆಡ್ಡು ಯಾರ ಜಾಗದಾಗೈತಿ?"

"ನಿಮ್ಮ ಜಾಗದಾಗೈತ್ರಿ."

ಮಿಸ್ತ್ರಿ ಕಬ್ಬಿಣ ಉಜ್ಜುವ ಅರ ಎತ್ತಿಕೊಂಡ. ಕಚ್ಚಿನ ಮೇಲೆ ಅದರ ಒರಟು ಮೈ ತಾಗಿತು, ತಣ್ಣಗೆ. ನಾನು ಬಹಳ ಕೈಗಳನ್ನು ಕಂಡಿದ್ದೇನೆ. ದುಡಿಸಿದ ಕೈ, ಸವರಿದ ಕೈ, ಭಯದಿಂದ ನೂಕಿದ ಕೈ. ನನ್ನಲ್ಲಿ ಇಲ್ಲದ್ದನ್ನೆಲ್ಲ ಅವರೇ ತುಂಬಿಕೊಟ್ಟರು, ಮೂಳೆ ಸವೆಸಿಕೊಂಡು. ಈಗ, ನಾನು ಜಾರಲಿಲ್ಲ ಎಂಬುದಕ್ಕೆ ನನ್ನಲ್ಲಿರುವ ಒಂದೇ ಒಂದು ಸಾಕ್ಷಿಯನ್ನು ಅಳಿಸುವುದಕ್ಕೂ ಅಂಥದೇ ಒಂದು ಕೈ ಬೇಕಾಗಿತ್ತು. ಧಣಿಯ ಕೈಗೆ ಎಣ್ಣೆ ಆಗುವುದಿಲ್ಲವಲ್ಲ.

ಅರ ಕದಲಲಿಲ್ಲ.

"ಎಳಿಯೋ," ಎಂದರು ಧಣಿ.

ಮಿಸ್ತ್ರಿ ಅರವನ್ನು ನನ್ನ ಮೇಲಿಂದ ಎತ್ತಿ, ಪ್ಯಾಂಟಿಗೆ ಒರೆಸಿ, ತಿರುಗಿಸಿ, ಹಿಡಿಯನ್ನು ಧಣಿಯ ಕಡೆಗೆ ಚಾಚಿದ.

"ನೀವ ಎಳೀರಿ ಧಣಿ. ಕಬ್ಬಿಣ ಐತಿ, ಏನೂ ಅನ್ನಂಗಿಲ್ಲ. ನಾ ಎಳಿಯಂಗಿಲ್ಲ."