ಯಾರು ನೆಟ್ಟ ಕೋಸು

ಗೋಣಿಚೀಲದ ಕೆಳಗೆ ಸಸಿಗಳಿರಲಿಲ್ಲ. ಮಾಪುಲೆಂಗ್ ಚೀಲ ಎತ್ತಿ ಕೊಡವಿ ನೋಡಿದಳು. ತಲೆ ಎತ್ತಿದರೆ, ನಿನ್ನೆ ಬೋಳಾಗಿದ್ದ ಮಡಿಗಳಲ್ಲಿ ಎಲೆಕೋಸಿನ ಸಸಿಗಳು ಸಾಲಾಗಿ ನಿಂತಿದ್ದವು. ಬುಡದ ಮಣ್ಣು ಇನ್ನೂ ಹಸಿಯಾಗಿತ್ತು.

ಅವಳ ಮೈದುನ ಸೆಲ್ಲೊ ರಾತ್ರಿ ಸತ್ತಿದ್ದ. ನಸುಕಿನಲ್ಲಿ ಸುದ್ದಿ ಬಂದಿತ್ತು. ಊರಲ್ಲಿ ಹೆಣವಿರುವಾಗ ನೆಲಕ್ಕೆ ಗುದ್ದಲಿ ತಾಗಿಸಿದರೆ ಆಲಿಕಲ್ಲು ಬಿದ್ದು ಎಲ್ಲರ ಬೆಳೆಯೂ ಚಿಂದಿಯಾಗುತ್ತದೆ. ಮಲುತಿ ಬೆಟ್ಟದ ಬುಡದ ನಮ್ಮ ಜನ ಏನು ಮರೆತರೂ ಇದನ್ನು ಮರೆಯರು. ಹಾಗೆ ಮಾಡಿದವನ ಹೊಲವನ್ನು ಊರ ಯಜಮಾನ ಕಿತ್ತುಕೊಂಡದ್ದೂ ಉಂಟು. ಮಾಪುಲೆಂಗಳಿಗೆ ಇದ್ದುದು ಇದೊಂದೇ ತುಂಡು ನೆಲ.

ಇದು ತೆಫೊನದೇ ಕೆಲಸ! ತನ್ನ ಮಂಡಿ ಹಿಡಿದುಕೊಂಡ ಮೇಲೆ ಹೊಲವನ್ನು ಅವನಿಗೆ ಪಾಲಿಗೆ ಕೊಟ್ಟಿದ್ದಳು. ನೆಲ ಅವಳದು, ಸಸಿಯೂ ದುಡಿಮೆಯೂ ಅವನದು. ಸಸಿ ಬಾಡಿದರೆ ನಷ್ಟ ಯಾರಿಗೆ? ಕದ್ದುಮುಚ್ಚಿ ನೆಟ್ಟಿದ್ದಾನೆ, ಕಳ್ಳ. ಬಾಗಿ ಎರಡು ಸಸಿ ಕಿತ್ತೇಬಿಟ್ಟಳು.

"ಅಯ್ಯೋ ಅಮ್ಮಾ, ಯಾಕೆ ಕೀಳ್ತಿದೀಯಾ?" ಸಾವಿನ ಮನೆಗೆ ಹೊರಟಿದ್ದ ತೆಫೊ ಬದುವಿನ ಮೇಲೆ ನಿಂತಿದ್ದ.

"ಬಾಯ್ಮುಚ್ಚೋ! ಊರಲ್ಲಿ ಹೆಣ ಇಟ್ಕೊಂಡು ನೆಡೋಕೆ ಎಷ್ಟು ಧೈರ್ಯ ನಿಂಗೆ?"

"ನಾನಾ? ನಿನ್ನೆ ಪೂರ್ತಿ ಪೇಟೇಲಿದ್ದೆ, ಈಗ ತಾನೇ ಬಂದೆ." ಅವನು ಸಾಲುಗಳನ್ನು ನೋಡಿದ, ಅವಳ ಕೈ ನೋಡಿದ. ಅವನಿಗೂ ಅನುಮಾನ ಹೊಕ್ಕಿತು. "ಬಾಡಿಹೋಗ್ತವೆ ಅಂತ ನೀನೇ ನೆಟ್ಟು, ಈಗ ನನ್ನ ತಲೆಗೆ ಕಟ್ತಿದೀಯೇನೋ."

"ಈ ಮಂಡಿ ಇಟ್ಕೊಂಡಾ?"

"ಆಸೆ ಇದ್ದೋರಿಗೆ ಮಂಡಿನೋವು ಎಲ್ಲಿ ಗೊತ್ತಾಗುತ್ತಮ್ಮಾ. ಅದಿರ್ಲಿ, ಕೀಳೋದೂ ನೆಲ ಕೆದಕೋ ಕೆಲಸಾನೇ ಅಲ್ವಾ?"

ಅವಳ ಕೈ ಅಲ್ಲೇ ನಿಂತಿತು. ಹಾಳಾದವನು, ಮಾತಲ್ಲಿ ಮಾತ್ರ ಸೋಲುವುದಿಲ್ಲ.

"ಯಜಮಾನರಿಗೇ ಹೇಳ್ತೀನಿ. ಉತ್ತರ ನೀನೇ ಕೊಡು," ಎಂದು ಕಂಬಳಿ ಹೊದ್ದು, ಕುಂಟುತ್ತಲೇ ಹೊರಟಳು. ಬೇರೆಯವರು ಬಾಯಿ ತೆರೆಯುವ ಮೊದಲೇ ತಾನು ಹೇಳಿಬಿಡಬೇಕು.

ಗಂಡ ಸತ್ತ ಮೇಲೆ ಅವಳು ಸೆಲ್ಲೊನ ಹೊಸ್ತಿಲು ತುಳಿದಿರಲಿಲ್ಲ. ಪ್ರತಿ ವಸಂತಕ್ಕೂ ಅವನು ಗಡಿಕಲ್ಲು ಸರಿಸುತ್ತಾನೆ ಎಂದು ಮಾತೇ ಬಿಟ್ಟಿದ್ದಳು. ನಿಜವೋ ಸುಳ್ಳೋ, ಅಳೆದು ನೋಡಿದವರಂತೂ ಯಾರೂ ಇಲ್ಲ.

ಈಗ ಅದೇ ಮನೆಯ ಅಂಗಳದಲ್ಲಿ, ಹೂಬಿಟ್ಟ ಪೀಚ್ ಮರದ ಕೆಳಗೆ ಗಂಡಸರ ನಡುವೆ ಯಜಮಾನ ಕೂತಿದ್ದ.

"ಯಜಮಾನ್ರೇ, ಒಂದು ಮಾತಿತ್ತು."

"ಮೊದಲು ಒಳಗೆ ಹೋಗಿ ಅವಳನ್ನ ಮಾತಾಡಿಸಮ್ಮಾ."

ಒಳಗೆ ಸೆಲ್ಲೊನ ಹೆಂಡತಿ ನೆಲದ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮಾಪುಲೆಂಗ್ ಪಕ್ಕದಲ್ಲಿ ಕುಸಿದು ಕೂತಳು.

"ಬಂದ್ಯಾ ಅಕ್ಕಾ," ಎಂದಳು ಓರಗಿತ್ತಿ. "ನಿನ್ನೆ ಸಂಜೆ ಪೂರ್ತಿ ನಿನ್ನ ಹೊಲದಲ್ಲೇ ಇದ್ದ. ತೆಫೊ ಪೇಟೆಗೆ ಹೋಗಿದಾನೆ, ಅತ್ತಿಗೆ ಹೊಲದ ಸಸಿ ಬಾಡ್ತಿವೆ ಅಂದ. ಬೇಡ ಅಂದ್ರೂ ಕೇಳ್ಲಿಲ್ಲ. ನೆಟ್ಟು, ನೀರು ಹೊಯ್ದು ಬಂದು, ಎದೆನೋವು ಅಂತ ಮಲಗಿದೋನು ಏಳಲೇ ಇಲ್ಲ."

"ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೇಳ್ಬೇಡ ಅಂದ. ನಾನು ನೆಟ್ಟಿದ್ದು ಅಂತ ಗೊತ್ತಾದ್ರೆ ಕಿತ್ತು ಬಿಸಾಕ್ತಾಳೆ ಅಂದ." ಅಳುವಿನ ನಡುವೆಯೇ ಅವಳಿಗೆ ಸಣ್ಣ ನಗು ಬಂತು. "ನಮ್ಮಕ್ಕ ಅಂಥೋಳಲ್ಲ ಅಂತ ನಾನೇ ಜಗಳ ಆಡಿದೆ."

ಹಾಗೆಂದು ಅವಳು ಮಾಪುಲೆಂಗಳ ಕೈ ಹಿಡಿಯಲು ಕೈ ಚಾಚಿದಳು. ಮಾಪುಲೆಂಗಳ ಉಗುರುಗಳಲ್ಲಿ ಹಸಿಮಣ್ಣು ಮೆತ್ತಿತ್ತು. ಅವಳು ಎರಡೂ ಕೈಗಳನ್ನು ಕಂಬಳಿಯೊಳಕ್ಕೆ ಎಳೆದುಕೊಂಡಳು.

"ಏನೋ ಮಾತಿದೆ ಅಂದ್ಯಲ್ಲಮ್ಮಾ, ಏನದು?" ಹೊರಗಿನಿಂದ ಯಜಮಾನ ಕೂಗಿದ.

ಓರಗಿತ್ತಿಯ ಕೈ ಹಾಗೆಯೇ ಚಾಚಿಕೊಂಡಿತ್ತು.