ಕೂತು ನೋಡುವ ಪ್ಯಾಂಟು

ಬೈಕ್ ಸವಾರರ ಉಡುಪಿನ ಅಂಗಡಿಯಲ್ಲಿ, ಪರದೆಯ ಹಿಂದೆ ಅವಳು ಒಂಟಿ ಕಾಲಲ್ಲಿ ಕುಣಿಯುತ್ತಿದ್ದಳು. ಇನ್ನೊಂದು ಕಾಲು ಪ್ಯಾಂಟಿನೊಳಗೆ ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡಿತ್ತು. ಮಂಡಿಯ ಜಾಗದಲ್ಲಿ ಒಳಗಡೆ ಹೊಲಿದಿದ್ದ ಚೀಲದಲ್ಲಿ ಆಮೆಚಿಪ್ಪಿನಂಥ ಗಾರ್ಡು. ಅದಕ್ಕೆ ಹೆಬ್ಬೆರಳು ತಗುಲಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಏನೇ, ಒಳಗೆ ಕುಸ್ತಿ ನಡೀತಿದೆಯಾ?" ಹೊರಗಿನಿಂದ ಅಪ್ಪ ಕೇಳಿದ.

"ನಡೀತಿದೆ. ಸದ್ಯಕ್ಕೆ ಪ್ಯಾಂಟೇ ಗೆಲ್ತಿದೆ."

ಬೆಳಿಗ್ಗೆಯಿಂದ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ನಾಳೆ ಬೈಕ್ ತಂಡ ಬೆಟ್ಟದ ದಾರಿ ಹತ್ತಲಿದೆ. ಆಮೇಲೆ ದುರಸ್ತಿಗೆಂದು ಆ ದಾರಿ ಮುಚ್ಚುತ್ತಾರೆ, ಮತ್ತೆ ಯಾವಾಗ ತೆರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಹೋದ ಸಲ ಅವಳು ಮಾಮೂಲಿ ಜೀನ್ಸ್ ಹಾಕಿಕೊಂಡು ಹೋಗಿ ನಿಂತಿದ್ದಳು. ತಂಡದ ಮುಂದಾಳು ಹಲ್ಲಿನ ಡಾಕ್ಟರು, ಎಲ್ಲರ ಬಾಯಲ್ಲಿ ಕ್ಯಾಪ್ಟನ್. ರೋಗಿಯ ಬಾಯಿ ತೆಗೆಸಿ ನೋಡುವ ಹಾಗೆ ಒಬ್ಬೊಬ್ಬರ ಹೆಲ್ಮೆಟ್, ಜಾಕೆಟ್, ಬೂಟು ನೋಡುತ್ತ ಬಂದ ಆಕೆ ಇವಳ ಜೀನ್ಸನ್ನು ಎರಡು ಬೆರಳಲ್ಲಿ ಹಿಡಿದು, "ರಸ್ತೆ ಇದನ್ನ ಬಾಳೆಹಣ್ಣಿನ ಸಿಪ್ಪೆ ಥರ ಸುಲಿಯುತ್ತೆ. ಇವತ್ತು ಟೀ ಕುಡಿದು ಮನೆಗೆ ಹೋಗಮ್ಮ" ಅಂದಿದ್ದರು. ಎಲ್ಲರೂ ಹೊರಟುಹೋದ ಮೇಲೆ ಧೂಳಲ್ಲಿ ನಿಂತು ಅವಳು ನಿಜಕ್ಕೂ ಟೀ ಕುಡಿದಿದ್ದಳು. ಅದರ ಒಗರು ಇನ್ನೂ ನಾಲಿಗೆಯಿಂದ ಹೋಗಿರಲಿಲ್ಲ.

ಅಪ್ಪನನ್ನು ಅವಳೇನೂ ಕರೆದಿರಲಿಲ್ಲ, ಅವನೇ ಹೊರಟು ನಿಂತಿದ್ದ. ಊರಿನ ಅರ್ಧ ಗಂಡಸರ ಸೊಂಟದ ಅಳತೆ ತಲೆಯಲ್ಲಿಟ್ಟುಕೊಂಡ ಟೈಲರ್ ಅವನು. ಅವನ ಮಗಳು ರೆಡಿಮೇಡ್ ಪ್ಯಾಂಟ್ ಕೊಳ್ಳುವುದೆಂದರೆ ಅಡುಗೆಯವನ ಮನೆಮಂದಿ ಊಟಕ್ಕೆ ಹೋಟೆಲಿಗೆ ಹೋದ ಹಾಗೆ. ಬಂದವನು ಸುಮ್ಮನೆ ಕೂರಲೂ ಇಲ್ಲ. ಒಂದೊಂದು ಪ್ಯಾಂಟನ್ನೂ ಒಳಗುಹೊರಗು ಮಾಡಿ, ಹೊಲಿಗೆಗೆ ಉಗುರು ಆಡಿಸಿ, "ಮೂರು ಸಾಲು ಹಾಕಿದಾರೆ. ಪರವಾಗಿಲ್ಲ" ಎಂದು ಅಂಗಡಿಯಾಕೆಗೇ ಸರ್ಟಿಫಿಕೇಟ್ ಕೊಡುತ್ತಿದ್ದ.

ಚರ್ಮದ್ದನ್ನು ಅವನೇ ತಳ್ಳಿಹಾಕಿದ್ದ. "ಇದು ಹಾಕ್ಕೊಂಡ್ರೆ ಸೋಫಾ ಎದ್ದು ನಡೆದ ಹಾಗಿರುತ್ತೆ." ಬಲೆಯಂಥ ಬಟ್ಟೆಯದು ಅವಳಿಗೇ ಹಿಡಿಸಲಿಲ್ಲ. ಈಗ ಕಾಲಿಗೆ ಸಿಕ್ಕಿಕೊಂಡಿದ್ದು ಕಪ್ಪು ಜೀನ್ಸ್. ಒಳಗೆ, ರಸ್ತೆಗೆ ಉಜ್ಜಿದರೂ ಹರಿಯದ ಅಸ್ತರು. ಕೊನೆಗೂ ಏರಿಸಿಕೊಂಡು ಪರದೆ ಸರಿಸಿದಳು. ಕನ್ನಡಿಯಲ್ಲಿ ನಿಂತವಳು ಯಾರೋ ಬೇರೆಯವಳ ಹಾಗಿದ್ದಳು, ಎತ್ತರವಾಗಿ, ಯಾರನ್ನಾದರೂ ಹೊಡೆದು ಬರುವವಳ ಹಾಗೆ.

"ಇದು ನೋಡು ಪ್ಯಾಂಟು!" ಅಪ್ಪ ಅವಳ ಸುತ್ತ ಒಂದು ಸುತ್ತು ಬಂದ. "ಕತ್ತರಿ ಆಡಿಸಿದವನು ಕಲಿತವನು. ಮಿಕ್ಕಿದ್ದೆಲ್ಲ ಗೋಣಿಚೀಲ."

"ಕನ್ನಡಿ ಬಿಡಿ, ಬನ್ನಿ ಈ ಕಡೆ," ಅಂದಳು ಅಂಗಡಿಯಾಕೆ. ಮೂಲೆಯಲ್ಲಿ ಎಂಜಿನ್ ಬಿಚ್ಚಿದ ಹಳೆಯ ಬೈಕೊಂದನ್ನು ಸ್ಟ್ಯಾಂಡಿಗೆ ಏರಿಸಿಟ್ಟಿದ್ದರು. "ಇದರ ಮೇಲೆ ಕೂತು ಹೇಳಿ."

ಅವಳು ಕೂತಳು. ಹ್ಯಾಂಡಲ್ ಹಿಡಿದು ಬಾಗಿದ್ದೇ ತಡ, ಪ್ಯಾಂಟು ಮೇಲಕ್ಕೆ ಸರಿದು ಮಂಡಿಯ ಚಿಪ್ಪು ತೊಡೆಯ ಮೇಲೆ ಹೋಗಿ ಕೂತಿತು.

"ಬಿದ್ದರೆ ಮಂಡಿ ಮಾತ್ರ ಒಡೆಯುತ್ತೆ. ತೊಡೆ ಕ್ಷೇಮ," ಅಂದಳು ಅಂಗಡಿಯಾಕೆ.

"ಅದು ಕಟಿಂಗ್ ತಪ್ಪು," ಅಂದ ಅಪ್ಪ.

"ಅವನನ್ನ ಕಲಿತವನು ಅಂತ ಈಗಷ್ಟೇ ಅಂದೆಯಲ್ಲಪ್ಪಾ?"

"ಎಲ್ಲ ಕಲಿತಿರ್ತಾನೇನೇ?"

ಕೊನೆಗೆ ಉಳಿದಿದ್ದು ಬೂದು ಬಣ್ಣದ್ದು, ದಪ್ಪ ಬಟ್ಟೆಯದು, ನೋಡಿದರೆ ಆಸೆಯೇ ಆಗದಂಥದ್ದು. ಹಿಮ್ಮಡಿ ದಾಟಿ ನೆಲ ಗುಡಿಸುತ್ತಿತ್ತು. ಆದರೆ ಬೈಕಿನ ಮೇಲೆ ಕೂತು ಪಾದದ ಹತ್ತಿರದ ಅಂಟುಪಟ್ಟಿಯನ್ನು ಬಿಗಿದುಕೊಂಡಾಗ ಚಿಪ್ಪು ಮಂಡಿಯನ್ನು ಅಂಗೈಯಲ್ಲಿ ಹಿಡಿದ ಹಾಗೆ ಹಿಡಿಯಿತು. ಅವಳು ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು, ಕಣ್ಣು ಮುಚ್ಚಿ ಬೆಟ್ಟದ ತಿರುವೊಂದನ್ನು ದಾಟಿಯೂ ಬಂದಳು.

"ಇದೇ. ಇದೇ ಬೇಕು."

"ಉದ್ದ ಜಾಸ್ತಿ ಅಂತ ಕತ್ತರಿಸೋಕೆ ಹೋಗ್ಬೇಡಿ ಮತ್ತೆ," ಅಂಗಡಿಯಾಕೆ ಅಪ್ಪನ ಮುಖ ನೋಡಿಯೇ ಹೇಳಿದಳು. ಅಪ್ಪ ಕೇಳಿಸಿದರೂ ಕೇಳಿಸದವನ ಹಾಗೆ ಗುಂಡಿಗಳನ್ನು ಎಳೆದು ನೋಡುತ್ತಿದ್ದ.

ಮನೆಗೆ ಬಂದು, ಚೀಲವನ್ನು ಅಲ್ಲೇ ಇಟ್ಟು ಅವಳು ಬೈಕಿಗೆ ಪೆಟ್ರೋಲ್ ಹಾಕಿಸಲು, ಟೈರಿಗೆ ಗಾಳಿ ತುಂಬಿಸಲು ಹೋದಳು. ಬಂಕಿನವನಿಗೆ ಅವನು ಕೇಳದಿದ್ದರೂ ನಾಳೆಯ ಸವಾರಿಯ ವಿಷಯ ಹೇಳಿದಳು. ವಾಪಸ್ ಬಂದಾಗ ಪ್ಯಾಂಟು ಇಸ್ತ್ರಿ ಮಾಡಿದ ಹಾಗೆ ಮಡಚಿ ಕುರ್ಚಿಯ ಮೇಲಿತ್ತು. ಬೂಟಿನ ಸಮೇತ ಹಾಕಿಕೊಂಡು ನಡುಮನೆಗೆ ಬಂದಳು. ಅಮ್ಮ ಬಾಗಿಲಿಗೆ ಒರಗಿ, "ಅಬ್ಬಾ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ" ಅಂದಳು.

ಅವಳು ಕೆಳಗೆ ನೋಡಿಕೊಂಡಳು. ಪ್ಯಾಂಟಿನ ಅಂಚು ನೆಲ ಗುಡಿಸುತ್ತಿರಲಿಲ್ಲ, ಬೂಟಿನ ಮೇಲೆ ನೀಟಾಗಿ ನಿಂತಿತ್ತು. ಅಂಟುಪಟ್ಟಿ ಇರಲಿಲ್ಲ.

ಸೀದಾ ಅಂಗಳಕ್ಕೆ ಹೋಗಿ ಬೈಕಿನ ಮೇಲೆ ಕೂತಳು. ಪ್ಯಾಂಟು ಸರ್ರನೆ ಮೇಲೇರಿತು, ಬೂಟಿನ ಮೇಲೆ ಬರಿಗಾಲು ಇಣುಕಿತು, ಚಿಪ್ಪು ತೊಡೆಗೆ ಬಂತು.

"ಅಪ್ಪಾ!"

ಅಪ್ಪ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಮುಖದಲ್ಲಿ ಶಾಬಾಸ್‌ಗಿರಿ ಕಾಯುವವನ ಕಳೆಯಿತ್ತು. ಅವಳ ಕಾಲು ನೋಡಿದ ಮೇಲೆ ಅದು ಹಾರಿಹೋಯಿತು.

"ನೆಲ ಗುಡಿಸ್ತಿತ್ತಲ್ಲೇ…"

"ಗುಡಿಸ್ಲಿ! ನಾನು ನಾಳೆ ನಿಂತ್ಕೊಂಡು ಹೋಗ್ತೀನಾ ಬೆಟ್ಟಕ್ಕೆ? ಆಯಮ್ಮ ಅಷ್ಟು ಹೇಳಿದಳಲ್ಲ ನಿಂಗೆ?"

"ಅಂಗಡಿಯವರು ಸಾವಿರ ಹೇಳ್ತಾರೆ ಅಂದ್ಕೊಂಡೆ. ನನ್ನ ಮಗಳು ಜೋಲುಪ್ಯಾಂಟಲ್ಲಿ ಹೋದರೆ ನಾಲ್ಕು ಜನ ನನ್ನನ್ನ ಕೇಳಲ್ವಾ?"

"ರೀ, ನಿಮ್ಮ ಕೈಗೆ ಬುದ್ಧಿ ಇರೋದು ನಿಮ್ಮ ಅಂಗಡಿ ಒಳಗೆ ಮಾತ್ರ," ಅಂದಳು ಅಮ್ಮ ಕಿಟಕಿಯಿಂದ.

ಕತ್ತರಿ ಬಿದ್ದ ಪ್ಯಾಂಟನ್ನು ಯಾವ ಅಂಗಡಿಯೂ ವಾಪಸ್ ತಗೊಳ್ಳುವುದಿಲ್ಲ. ಅವಳಿಗೆ ಆ ಟೀಯ ಒಗರು ಗಂಟಲವರೆಗೆ ಬಂತು. ಇಳಿಯಲು ಕಾಲೆತ್ತಿದಳು.

"ಇಳೀಬೇಡ," ಅಂದ ಅಪ್ಪ. "ಅಲ್ಲೇ ಇರು. ನಾಳೆ ಹೇಗೆ ಕೂರ್ತೀಯೋ ಹಾಗೆ ಕೂರು."

ಅವನು ಒಳಗೋಡಿ ಚಿಂದಿಯ ಡಬ್ಬಿಯನ್ನೇ ಹೊತ್ತು ತಂದು ಅಂಗಳದಲ್ಲಿ ಸುರಿದ. ಕತ್ತರಿಸಿದ ಎರಡು ತುಂಡುಗಳೂ ಪಟ್ಟಿ ಸಮೇತ ಸಿಕ್ಕವು. ಮಣ್ಣಿನಲ್ಲಿ ಮಂಡಿಯೂರಿ ಅವಳ ಕಾಲಿಗೆ ಟೇಪು ಹಿಡಿದ. ಹಿಡಿದವನು ತಡವರಿಸಿದ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡೇ ಕೂದಲು ಹಣ್ಣಾಗಿದ್ದವನಿಗೆ ಬಾಗಿದ ಕಾಲಲ್ಲಿ ಟೇಪು ಎಲ್ಲಿಂದ ಶುರು ಮಾಡಬೇಕೆಂದೇ ಹೊಳೆಯಲಿಲ್ಲ.

"ಬ್ರೇಕ್ ಒತ್ತು. ಹಾಂ. ಬಿಡು. ಮತ್ತೆ ಒತ್ತು… ಅಯ್ಯೋ, ಇದೇನೇ ಇದು, ಕಾಲು ಆಡಿದ ಹಾಗೆಲ್ಲ ಉದ್ದ ಬದಲಾಗುತ್ತಲ್ಲ!"

ಅವಳಿಗೆ ಸಿಟ್ಟಿನ ನಡುವೆಯೇ ನಗು ಕಿತ್ತುಕೊಂಡು ಬಂತು. "ಗೇರ್ ಹಾಕ್ಲಾ?"

"ಹಾಕು, ಹಾಕು! ಎಲ್ಲ ಗೇರೂ ಹಾಕು!"

ಬೆಳಕಿರುವಾಗಲೇ ಹೊಲಿಗೆ ಯಂತ್ರದ ಸದ್ದು ಶುರುವಾಗಿತ್ತು. ದಪ್ಪ ಬಟ್ಟೆಗೆ ಸೂಜಿ ಮುರಿಯಿತು, ಇನ್ನೊಂದು ಹಾಕಿದ. ಜೋಡಿಸಿದ ಜಾಗಕ್ಕೆ ಕಾರ್ಖಾನೆಯವರ ಕೋಟುಗಳಿಗೆ ಹಚ್ಚುವ ಮಿಂಚುವ ಪಟ್ಟಿಯನ್ನು ಸುತ್ತಲೂ ಕೂರಿಸಿ ಮೂರು ಸಾಲು ಓಡಿಸಿದ. ಒಂದೊಂದು ಸಾಲಿಗೂ ಅವಳನ್ನು ಬೈಕಿಗೆ ಹತ್ತಿಸಿ ಇಳಿಸಿದ.

ಬೆಳಿಗ್ಗೆ ಬೈಕುಗಳ ಸಾಲಿನಲ್ಲಿ ಕ್ಯಾಪ್ಟನ್ ಅವಳ ಮುಂದೆ ಬಂದು ನಿಂತರು. ಹೆಲ್ಮೆಟ್ ನೋಡಿದರು, ಬೂಟು ನೋಡಿದರು, ಕುಕ್ಕರುಗಾಲಲ್ಲಿ ಕೂತು ಮಂಡಿಯ ಚಿಪ್ಪನ್ನು ಹಿಡಿದು ಹಲ್ಲು ಕೀಳುವ ಹಾಗೆ ಜಗ್ಗಿದರು. ಅದು ಅಲ್ಲಾಡಲಿಲ್ಲ. ಅವರ ಬೆರಳು ಕೆಳಗಿಳಿದು ಮಿಂಚುವ ಪಟ್ಟಿಯ ಮೇಲೆ ನಿಂತಿತು.

"ಈ ಪಟ್ಟಿ ಚೆನ್ನಾಗಿದೆಯಲ್ಲ, ಹಿಂದಿನವರಿಗೆ ಕಾಣುತ್ತೆ. ಯಾವ ಕಂಪನಿ?"

"ನಮ್ಮಪ್ಪಂದು."

"ನಂಗೂ ಒಂದು ಹಾಕಿಸಿಕೊಡು. ಸರಿ, ಸ್ಟಾರ್ಟ್ ಮಾಡು, ನನ್ನ ಹಿಂದೆ ಬಾ."

ಎಂಜಿನ್ನುಗಳ ಸದ್ದು ಒಟ್ಟಿಗೇ ಎದ್ದು ಅವಳ ಹೊಟ್ಟೆಯೊಳಗೆ ನಡುಗಿತು. ಊರು ದಾಟುವ ದಾರಿ ಅಪ್ಪನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಅವಳು ದೂರದಿಂದಲೇ ಹಾರನ್ ಒತ್ತಿದಳು.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಪ್ಪ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಎರಡೂ ಕಡೆ ಕಾಲು ಹಾಕಿ, ಹ್ಯಾಂಡಲ್ ಹಿಡಿದ ಹಾಗೆ ಕೈಗಳನ್ನು ಮುಂದಕ್ಕೆ ಚಾಚಿ ಕೂತಿದ್ದ. ಇಡೀ ಸಾಲು ಗುಡುಗುತ್ತ ಹಾದುಹೋದರೂ ತಲೆ ಎತ್ತಲಿಲ್ಲ. ಮೇಲೆ ಸರಿದಿದ್ದ ತನ್ನದೇ ಪ್ಯಾಂಟಿನ ಅಂಚನ್ನು ಬಗ್ಗಿ ನೋಡುತ್ತಿದ್ದ.