ಬಲಗಡೆಯ ಏಳು

ದೋರನಹಳ್ಳಿಯ ಅಂಗನವಾಡಿಯಲ್ಲಿ ಪಂಚಶೀಲಾ ಹದಿನೇಳು ವರ್ಷಗಳಿಂದ ಸಹಾಯಕಿ. ಕಾರ್ಯಕರ್ತೆಯಾಗಲು ಹತ್ತನೇ ತರಗತಿ ಪಾಸಾಗಬೇಕಿತ್ತು. ಉಳಿದ ವಿಷಯಗಳೆಲ್ಲ ಮುಗಿದು ಗಣಿತವೊಂದೇ ಉಳಿದಿತ್ತು. ಅದರಲ್ಲಿ ಎರಡು ಸಲ ನಪಾಸಾಗಿದ್ದಳು. ಈ ವರ್ಷ ದಾಟಿದರೆ ವಯಸ್ಸಿನ ಮಿತಿ ಮುಗಿಯುತ್ತಿತ್ತು.

ಎದುರು ಮನೆಯ ಮದೀನಾಬೀ ಬಿ.ಎ. ಓದಿ ಬಟ್ಟೆ ಹೊಲಿಯುತ್ತಿದ್ದಳು. ದಿನಾ ಸಂಜೆ ಹೊಲಿಗೆ ನಿಲ್ಲಿಸಿ ಪಂಚಶೀಲಾಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಭಿನ್ನರಾಶಿ ಇರುವ ಸಮೀಕರಣ ಬಂದರೆ ಮಾತ್ರ ಪಂಚಶೀಲಾಳ ಪೆನ್ನು ನಿಂತೇಬಿಡುತ್ತಿತ್ತು.

"ಅಕ್ಕಾ, ಮತ್ತ ಈ ಮೂರನ್ನ ಹಂಗ ಬಿಟ್ಟೀಯಲ್ಲ!"

"ಅದರ ಕೆಳಗ ಏನೂ ಇಲ್ಲಲ್ಲವ್ವ. ಅದಕ್ಯಾಕ ಗುಣಿಸ್ಬೇಕು?"

"ಎರಡೂ ಕಡಿ ಇರೋದಕ್ಕೆಲ್ಲಾ ಗುಣಿಸ್ಬೇಕು. ಒಂದನ್ನ ಬಿಟ್ರೂ ಎರಡು ಕಡಿ ಸಮ ಉಳಿಯಂಗಿಲ್ಲ."

"ನನ್ನ ತಲ್ಯಾಗ ಇಳಿಯಂಗಿಲ್ಲ ಬಿಡು, ಮದೀನಾ. ನಲವತ್ನಾಕು ವರ್ಷಕ್ಕ ಇದೆಲ್ಲ ಯಾಕ ಬೇಕಿತ್ತು ನನಗ?" ಪಂಚಶೀಲಾ ಲೆಕ್ಕ ಬರೆಯುತ್ತಿದ್ದ ವಹಿ ಮುಚ್ಚಿದಳು. ಮದೀನಾಬೀ ಅದನ್ನು ತೆರೆದು ಮುಂದಿಟ್ಟಳು.

ಪರೀಕ್ಷೆ ಶಹಾಪುರದಲ್ಲಿ. ಸುತ್ತ ಹದಿನಾರರ ಹುಡುಗಿಯರು. ಬಂದ ಲೆಕ್ಕಗಳನ್ನೆಲ್ಲ ಮಾಡಿ ಎಣಿಸಿ ನೋಡಿದಳು. ಪಾಸಾಗಲು ಇನ್ನೂ ಮೂರು ಅಂಕ ಬೇಕಿತ್ತು. ಉಳಿದದ್ದು ಒಂದೇ ಪ್ರಶ್ನೆ:

x/2 + x/3 = x − 7

ಎಡಗಡೆಯನ್ನು ಆರರಿಂದ ಗುಣಿಸಿದಳು. 3x + 2x = x − 7. ಉತ್ತರ ಋಣ ಏಳರ ಕೆಳಗೆ ನಾಲ್ಕು. x ಇದ್ದಲ್ಲೆಲ್ಲ ಅದನ್ನು ಇಟ್ಟು ನೋಡಿದಳು. ಎರಡು ಕಡೆ ಸಮವಾಗಲಿಲ್ಲ. ಮತ್ತೆ ನೋಡಿದಳು. ಆಗಲಿಲ್ಲ.

"ಹತ್ತೇ ನಿಮಿಷ ಉಳದಾವ" ಎಂದರು ಮೇಲ್ವಿಚಾರಕರು.

ಎದ್ದು ಹೋಗಿಬಿಡೋಣ ಅನ್ನಿಸಿತು. ಪೆನ್ನಿನ ಮುಚ್ಚಳ ಹಾಕಿಯೂ ಬಿಟ್ಟಳು. ಆಗ ಬಲಗಡೆಯ ಏಳು ಕಣ್ಣಿಗೆ ಬಿತ್ತು. ಅದನ್ನು ಮುಟ್ಟಿರಲೇ ಇಲ್ಲ. ಪಕ್ಕದ x ಅನ್ನೂ ಮುಟ್ಟಿರಲಿಲ್ಲ.

ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. 3x + 2x = 6x − 42. x ಅಂದರೆ 42. ಅದರ ಅರ್ಧ ಇಪ್ಪತ್ತೊಂದು, ಮೂರನೇ ಒಂದು ಪಾಲು ಹದಿನಾಲ್ಕು, ಕೂಡಿದರೆ ಮೂವತ್ತೈದು. ಆ ಕಡೆ ನಲವತ್ತೆರಡರಲ್ಲಿ ಏಳು ಹೋದರೂ ಮೂವತ್ತೈದು. ಬರೆದು ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಫಲಿತಾಂಶದ ದಿನ ಮದೀನಾಬೀ ಮೊಬೈಲ್ ಹಿಡಿದಾಗ ಪಂಚಶೀಲಾ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಪಾಸಾಗೀದಿ, ಅಕ್ಕಾ!"

"ನಂಬರ್ ಸರಿ ನೋಡು. ಹೆಸರು ಓದು. ನಮ್ಮಪ್ಪನ ಹೆಸರೂ ಓದು."

"ಪಂಚಶೀಲಾ. ತಂದಿ ಅಮಾತೆಪ್ಪ."

ಪಂಚಶೀಲಾ ಹೊಲಿಯಲು ಬಂದ ಬಟ್ಟೆಗಳ ಮೇಲೆಯೇ ಕುಸಿದು ಕೂತು ಜೋರಾಗಿ ಅತ್ತಳು. ಏನಾಯಿತೋ ಎಂದು ಓಣಿಯವರು ಓಡಿ ಬಂದರು.